ಸತ್ತ ಕಲೆಯ ಪೌತಿ ಖಾತೆ

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಪುಯೆಬ್ಲೊ ಅಂತ ಒಂದು ಊರಿದೆ. ಅಲ್ಲಿ ಪ್ರತಿ ವರ್ಷ ದೊಡ್ಡ ಜಾತ್ರೆ. ನಮ್ಮ ದನಗಳ ಜಾತ್ರೆ, ಕೃಷಿ ಮೇಳ, ದಸರಾ ವಸ್ತುಪ್ರದರ್ಶನ ಮೂರನ್ನೂ ಒಂದೇ ಮೈದಾನಕ್ಕೆ ತಂದು ಸುರಿದರೆ ಹೇಗಿರುತ್ತದೋ ಹಾಗೆ. ಹೋರಿಗೂ ಬಹುಮಾನ, ಚಿತ್ರಕ್ಕೂ ಬಹುಮಾನ. ಹೋರಿ ತರುವವರು ಅದಕ್ಕೆ ವರ್ಷವಿಡೀ ಹಿಂಡಿ ಹಾಕಿ, ಮೈ ತಿಕ್ಕಿ ಸಾಕಿರುತ್ತಾರೆ. 2022ರಲ್ಲಿ ಚಿತ್ರ ತಂದ ಒಬ್ಬರ ಕಥೆ ಸ್ವಲ್ಪ ಬೇರೆ.

ಅವರ ಹೆಸರು ಜೇಸನ್ ಅಲೆನ್. ಬೋರ್ಡ್ ಗೇಮ್ ಕಂಪನಿ ನಡೆಸುವವರು. ಮಿಡ್‌ಜರ್ನಿ ಎಂಬ ಎಐ ತಂತ್ರಾಂಶದ ಮುಂದೆ ಕೂತು ‘ಹೀಗೆ ಮಾಡಪ್ಪ, ಹಾಗಲ್ಲಪ್ಪ’ ಅಂತ ಟೈಪ್ ಮಾಡುತ್ತಾ ಹೋದರು. ಕೊನೆಗೆ ಒಂದು ಚಿತ್ರ ಬಂತು. ದೊಡ್ಡ ದುಂಡು ಕಿಟಕಿ, ಅದರಾಚೆ ಕಣ್ಣು ಕುಕ್ಕುವ ಬೆಳಕು, ಈಚೆ ನೆಲಕ್ಕೆ ಎಳೆಯುವಂಥ ನಿಲುವಂಗಿ ತೊಟ್ಟವರು. ಸುಳ್ಳು ಯಾಕೆ, ಚೆನ್ನಾಗಿಯೇ ಇದೆ. ಫೋಟೊಶಾಪ್‌ನಲ್ಲಿ ಒಂದಿಷ್ಟು ತಿದ್ದಿ, ಕ್ಯಾನ್ವಾಸ್ ಮೇಲೆ ಪ್ರಿಂಟ್ ಹಾಕಿಸಿ ಜಾತ್ರೆಗೆ ಕಳಿಸಿದರು. ಹೊಸಬರ ಡಿಜಿಟಲ್ ಕಲೆ ವಿಭಾಗದಲ್ಲಿ ಮೊದಲ ಬಹುಮಾನ, 300 ಡಾಲರ್. ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 24,000 ರೂಪಾಯಿ.

ಅಲೆನ್ ಸಾಹೇಬರು ಮುಚ್ಚಿಟ್ಟರು ಅನ್ನುವಂತಿಲ್ಲ. ‘ಮಿಡ್‌ಜರ್ನಿ ಮೂಲಕ’ ಎಂದು ಬರೆದೇ ಕೊಟ್ಟಿದ್ದರು. ತೀರ್ಪುಗಾರರಿಗೆ ಮಿಡ್‌ಜರ್ನಿ ಅಂದರೆ ಎಐ ಅಂತ ಗೊತ್ತಿರಲಿಲ್ಲ. ಯಾವುದೋ ಹೊಸ ಪೇಂಟ್ ಕಂಪನಿ ಅಂದುಕೊಂಡರೋ ಏನೋ. ಆಮೇಲೆ ಕೇಳಿದರೆ, ಗೊತ್ತಿದ್ದರೂ ಇದಕ್ಕೇ ಕೊಡುತ್ತಿದ್ದೆವು ಅಂದರು. ಅರಳಿಕಟ್ಟೆ ಪಂಚಾಯ್ತಿಯಲ್ಲಿ ಒಮ್ಮೆ ಕೊಟ್ಟ ತೀರ್ಪನ್ನು ವಾಪಸ್ ತಗೊಂಡ ಗೌಡರನ್ನು ನಾನೂ ನೋಡಿಲ್ಲ.

ಜಗತ್ತಿನ ಕಲಾವಿದರೆಲ್ಲ ಸೇರಿ ಬೈದರು. ಆಗ ಅಲೆನ್ ಅವರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಹೇಳಿದ ಮಾತು ಪ್ರಸಿದ್ಧವಾಯಿತು: ಕಲೆ ಸತ್ತಿದೆ, ಎಐ ಗೆದ್ದಿತು, ಮನುಷ್ಯರು ಸೋತರು. ಇದು ಸೆಪ್ಟೆಂಬರ್ ಮೊದಲ ವಾರ. ಅದೇ ತಿಂಗಳು 21ಕ್ಕೆ ಆ ಚಿತ್ರದ ಕಾಪಿರೈಟ್ ತನಗೆ ಬೇಕು ಅಂತ ಅರ್ಜಿ ಹಾಕಿದರು. ವೈಕುಂಠ ಸಮಾರಾಧನೆಯ ವಡೆ ಇನ್ನೂ ಅರಗಿರಲಿಲ್ಲ, ಆಗಲೇ ಪೌತಿ ಖಾತೆಗೆ ಓಡಾಟ ಶುರು.

ಅಮೆರಿಕದ ಕಾಪಿರೈಟ್ ಕಚೇರಿಯವರು ಕೇಳಿದ್ದು ಸರಳ ಪ್ರಶ್ನೆ. ಇದರಲ್ಲಿ ನೀವು ಮಾಡಿದ್ದೇನು ಸ್ವಾಮಿ? ಕಡಿಮೆ ಅಂದರೂ 624 ಸಲ ಪ್ರಾಂಪ್ಟ್ ಕೊಟ್ಟಿದ್ದೇನೆ ಅಂದರು ಇವರು. ಪ್ರಾಂಪ್ಟ್ ಅಂದರೆ ಯಂತ್ರಕ್ಕೆ ಟೈಪ್ ಮಾಡಿ ಹೇಳುವ ಮಾತು. ಪ್ರಾಂಪ್ಟ್ ಏನು ಅಂತ ಮಾತ್ರ ಊರಿಗೆ ಹೇಳಲಿಲ್ಲ. ಮಂತ್ರ ಬಾಯಿಬಿಟ್ಟರೆ ಸಿದ್ಧಿ ಹೋಗುತ್ತದಲ್ಲ.

624 ಅಂದಾಗ ನನಗೆ ನಮ್ಮ ಸೋದರತ್ತೆ ನೆನಪಾದರು. ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಬಿಳಿ ಹಾಸಿನ ಮೇಲೆ ಅವರು ಕಾಲು ಮಡಚಿ ಕೂತರು ಅಂದರೆ ಮುಗಿಯಿತು. ‘ಇದೇ ಬಣ್ಣ ಇರಲಿ, ಅಂಚು ಬದಲಾಯಿಸಪ್ಪ.’ ‘ಅಂಚು ಸರಿ, ಒಡಲು ಒಂಚೂರು ಗಾಢ ಬೇಕು.’ ‘ಸೆರಗಲ್ಲಿ ಇಷ್ಟೊಂದು ನವಿಲು ಯಾಕೆ? ಒಂದೆರಡು ಹಾರಿಸಿಬಿಡು.’ ಹುಡುಗ ಸ್ಟೂಲು ಹತ್ತುತ್ತಾನೆ, ಇಳಿಯುತ್ತಾನೆ. ಎರಡು ಸಲ ಬಾದಾಮಿ ಹಾಲು ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅತ್ತೆಯ ಸುತ್ತ ಸೀರೆಯ ಗುಡ್ಡ, ಮಧ್ಯೆ ಅವರ ಕನ್ನಡಕ ಮಾತ್ರ ಕಾಣುತ್ತಿರುತ್ತದೆ. ಕೊನೆಗೆ ಮೊದಲು ತೋರಿಸಿದ ಅರಿಶಿನ ಅಂಚಿನ ಸೀರೆಯನ್ನೇ ತೆಗೆದುಕೊಂಡು ಬರುತ್ತಾರೆ. ಮದುವೆ ಮನೆಯಲ್ಲಿ ಯಾರಾದರೂ ಸೀರೆ ಮುಟ್ಟಿ ನೋಡಿ ಹೊಗಳಿದರೆ ‘ನನ್ನ ಸೆಲೆಕ್ಷನ್’ ಅನ್ನುತ್ತಾರೆ. ನಾನೇ ನೇಯ್ದೆ ಅಂತ ಇವತ್ತಿನವರೆಗೆ ಅಂದಿಲ್ಲ. ಅಲೆನ್ ಸಾಹೇಬರು ಅತ್ತೆಯ ಹತ್ತಿರ ನಾಲ್ಕು ದಿನ ಟ್ಯೂಷನ್‌ಗೆ ಬಂದಿದ್ದರೆ ವಕೀಲರ ಫೀಸಾದರೂ ಉಳಿಯುತ್ತಿತ್ತು.

ಯಂತ್ರ ಮಾಡಿದ ಭಾಗ ಬಿಟ್ಟುಕೊಡಿ, ಉಳಿದದ್ದನ್ನು ನೋಡೋಣ ಅಂದಿತು ಕಚೇರಿ. ಇವರು ಒಪ್ಪಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಅರ್ಜಿ ಕೊನೆಯ ಸಲ ತಿರಸ್ಕಾರವಾಯಿತು. ಆ ಕಚೇರಿಯ ಕೈಪಿಡಿಯಲ್ಲಿ 2014ರಿಂದಲೂ ಒಂದು ಪಟ್ಟಿ ಇದೆ: ಮಂಗ ತೆಗೆದ ಫೋಟೊ, ಆನೆ ಬಿಡಿಸಿದ ಗೋಡೆಚಿತ್ರ, ಇವಕ್ಕೆ ಕಾಪಿರೈಟ್ ಇಲ್ಲ. ಈಗ ಆ ಸಾಲಿಗೆ ಯಂತ್ರವೂ ಸೇರಿಕೊಂಡಿತು. ಮಂಗ, ಆನೆ ತಕರಾರು ಮಾಡಿದ ಹಾಗಿಲ್ಲ.

ನಮ್ಮ ದೇಶವೇನು ಕಮ್ಮಿ ಅಂದುಕೊಳ್ಳಬೇಡಿ. ರಾಘವ್ ಅಂತ ಒಂದು ಎಐ ತಂತ್ರಾಂಶವಿದೆ. ಸೂರ್ಯಾಸ್ತದ ಫೋಟೊ ಒಂದನ್ನು ಅದು ವ್ಯಾನ್ ಗೋ ಶೈಲಿಗೆ ತಿರುಗಿಸಿಕೊಟ್ಟಿತು. 2020ರಲ್ಲಿ ನಮ್ಮ ಕಾಪಿರೈಟ್ ಕಚೇರಿ ಆ ಚಿತ್ರಕ್ಕೆ ರಾಘವನನ್ನು ಸಹ-ಕರ್ತೃ ಅಂತ ನೋಂದಾಯಿಸಿಯೇಬಿಟ್ಟಿತು. ಮರುವರ್ಷ ಎಚ್ಚರವಾಗಿ, ನೋಂದಣಿ ವಾಪಸ್ ಪಡೆಯುತ್ತೇವೆ ಅಂತ ನೋಟಿಸ್ ಕಳಿಸಿತು. ನೋಡಿ, ನಿಮ್ಮ ನಮ್ಮ ಹೆಸರಲ್ಲಿ ಒಂದಕ್ಷರ ತಪ್ಪಿದರೆ ಆರು ತಿಂಗಳು ಅಲೆಸುವ ದೇಶದಲ್ಲಿ, ತಂದೆಯ ಹೆಸರೇ ಇಲ್ಲದ ಅಭ್ಯರ್ಥಿ ಸಲೀಸಾಗಿ ಪಾಸಾಗಿದ್ದ.

ಇಷ್ಟಕ್ಕೇ ಕಥೆ ಮುಗಿಯಬೇಕಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಅಲೆನ್ ಅವರು ಕಾಪಿರೈಟ್ ಕಚೇರಿಯ ಮೇಲೇ ಕೋರ್ಟಿಗೆ ಹೋದರು. ಅವರ ಅಳಲು ಏನು ಗೊತ್ತಾ? ಕಾಪಿರೈಟ್ ಇಲ್ಲದ ಕಾರಣ ಜನ ನನ್ನ ಚಿತ್ರ ಕದಿಯುತ್ತಿದ್ದಾರೆ!

ಇದೇ ಅಳಲು ನನ್ನ ಅಕ್ಕನ ಮಗನದ್ದೂ. ಅವನ ವಿಸಿಟಿಂಗ್ ಕಾರ್ಡಿನಲ್ಲಿ ಈಗ ‘ಎಐ ಆರ್ಟಿಸ್ಟ್’ ಅಂತಿದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಒಂದು ಲಕ್ಷ್ಮಿ ಮಾಡಿಸಿ ಎಲ್ಲರ ವಾಟ್ಸ್ಆ್ಯಪ್‌ಗೆ ಕಳಿಸಿದ್ದ. ದೇವಿಗೆ ಬಲಗಡೆ ಮೂರು ಕೈ, ಎಡಗಡೆ ಒಂದು. ಲೆಕ್ಕಕ್ಕೆ ನಾಲ್ಕು ಸರಿಯಾಗಿದೆ, ಬಿಡಿ. ಸಂಜೆ ಫೋನ್ ಮಾಡಿದ.

‘ಮಾಮ, ಯಾರೋ ನನ್ನ ಲಕ್ಷ್ಮೀನ ಕದ್ದು ಅವರ ಹೆಸರು ಹಾಕ್ಕೊಂಡಿದ್ದಾರೆ.’

‘ನಿನ್ನ ಯಂತ್ರಕ್ಕೆ ಲಕ್ಷ್ಮಿ ಹೇಗಿರ್ತಾಳೆ ಅಂತ ಹೇಳಿಕೊಟ್ಟೋರು ಯಾರೋ?’

‘ಅದು ಇಂಟರ್‌ನೆಟ್ಟಲ್ಲಿ ಇದ್ದಿದ್ದು ಮಾಮ.’

‘ಈಗ ನಿಂದೂ ಇಂಟರ್‌ನೆಟ್ಟಲ್ಲೇ ಇದೆಯಲ್ಲಪ್ಪ.’

ಫೋನ್ ಕಟ್ ಆಯಿತು. ನೆಟ್‌ವರ್ಕ್ ಇರಬೇಕು.

ಮಿಡ್‌ಜರ್ನಿ ಕಂಪನಿಯ ಯಜಮಾನ ಡೇವಿಡ್ ಹೋಲ್ಜ್ ಅವರನ್ನೂ 2022ರಲ್ಲಿ ಫೋರ್ಬ್ಸ್ ಪತ್ರಿಕೆ ಇದನ್ನೇ ಕೇಳಿತ್ತು. ಯಂತ್ರಕ್ಕೆ ಕಲಿಸಲು ಬಳಸಿದ ಚಿತ್ರಗಳಿಗೆ ಕಲಾವಿದರ ಒಪ್ಪಿಗೆ ಪಡೆದಿರಾ? ಇಲ್ಲ ಅಂದರು. ಹತ್ತು ಕೋಟಿ ಚಿತ್ರ ತಂದಾಗ ಯಾವುದು ಎಲ್ಲಿಂದ ಬಂತು ಅಂತ ತಿಳಿಯಲು ದಾರಿಯೇ ಇಲ್ಲ ಅನ್ನುವ ಅರ್ಥದ ಮಾತನ್ನೂ ಆಡಿದರು. ಸಂತೆಯಲ್ಲಿ ಕೋಳಿ ಮಾರುವವನು ಹೀಗೆ ಹೇಳಿ ಪೊಲೀಸರ ಕೈಯಿಂದ ಪಾರಾಗಲಿ ನೋಡೋಣ.

ಅಲೆನ್ ಅವರ ಮೇಲೆ ನನಗೆ ಕೋಪವಿಲ್ಲ. ಅವರ ಅರ್ಜಿಯನ್ನು ನಮ್ಮ ನಾಡಕಚೇರಿಗೆ ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ಮಾತ್ರ ಯೋಚಿಸುತ್ತೇನೆ. ಪೌತಿ ಖಾತೆಗೆ ಮರಣ ಪತ್ರ ಬೇಕು. ಅದಕ್ಕೆ ಪತ್ರಿಕೆಯ ಕಟಿಂಗ್ ಇದೆ. ಆಮೇಲೆ ವಂಶವೃಕ್ಷ. ಅಲ್ಲೇ ತೊಡಕು. ಆ ದುಂಡು ಕಿಟಕಿ, ಆ ಬೆಳಕು, ಆ ನಿಲುವಂಗಿಯ ಮಡಿಕೆ ಯಾರ್‍ಯಾರ ಕೈಯಿಂದ ಇಳಿದು ಬಂದಿದ್ದು ಅಂತ ಬರೆಯಲು ಹೊರಟರೆ ಗ್ರಾಮಲೆಕ್ಕಿಗರ ರಿಜಿಸ್ಟರು ಸಾಲದು. ತಕರಾರು ಇದ್ದವರು ಬನ್ನಿ ಅಂತ ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸಿದರೆ, ಸತ್ತರು ಅಂತ ದಾಖಲಾದ ಕಲಾವಿದರೆಲ್ಲ ಬಣ್ಣ ಮೆತ್ತಿದ ಕೈಯಲ್ಲೇ ಅರ್ಜಿ ಹಿಡಿದು ಬಂದು ಕ್ಯೂ ನಿಂತುಬಿಡುತ್ತಾರೆ.