ಸಪ್ಪೆ ಊಟವೆಂದು ನಗುವ ಮುನ್ನ

ಐರ್ಲೆಂಡಿನ ಹಳೆಯ ಹಳ್ಳಿಯೂಟದ ಬಗ್ಗೆ ಈಗಷ್ಟೇ ಒಂದು ವಿಡಿಯೊ ನೋಡಿ ಮೈ ಉರಿದುಹೋಯಿತು. ಬೇಯಿಸಿದ ಆಲೂಗಡ್ಡೆ, ಉಪ್ಪು, ಮಜ್ಜಿಗೆ ಇಷ್ಟನ್ನು ತೋರಿಸಿ, ರುಚಿಯೇ ಗೊತ್ತಿಲ್ಲದ ಜನವೆಂದು ನಿರೂಪಕರು ನಕ್ಕರು. ಕೆಳಗೆ ನಮ್ಮವರೂ ಸಾಲುಸಾಲಾಗಿ ಒಗ್ಗರಣೆ ಹಾಕಿದ್ದರು. ಐರಿಶ್ ಇತಿಹಾಸದ ಹುಚ್ಚು ನನಗೆಷ್ಟೆಂಬುದನ್ನು ಬಲ್ಲ ಸ್ನೇಹಿತರು ಈ ಸಿಡುಕನ್ನು ಸಹಿಸಿಕೊಳ್ಳಬೇಕು.

ರುಚಿ ಗೊತ್ತಿರಲಿಲ್ಲವೆಂಬುದು ಶುದ್ಧ ಸುಳ್ಳು. ಆಲೂಗಡ್ಡೆ ಕಾಲಿಡುವುದಕ್ಕೆ ಶತಮಾನಗಳ ಮೊದಲಿನಿಂದಲೂ ಹಾಲು, ಮೊಸರು, ಬೆಣ್ಣೆ, ಓಟ್ಸ್ ಅವರ ಅಡುಗೆಯ ಜೀವಾಳವಾಗಿದ್ದವು; ಜೌಗುನೆಲದಲ್ಲಿ ಹೂತಿಟ್ಟ ಬೆಣ್ಣೆಯ ಮುದ್ದೆಗಳು ಇಂದಿಗೂ ಅಗೆಯುವಾಗ ಸಿಗುತ್ತವೆ. ಅದನ್ನೆಲ್ಲ ಬಡವರ ಊಟದಿಂದ ಕಸಿದದ್ದು ಗೇಣಿ. 19ನೆಯ ಶತಮಾನದ ಬಡ ಗೇಣಿದಾರ ಹಂದಿ ಸಾಕುತ್ತಿದ್ದುದು ತಿನ್ನಲಿಕ್ಕಲ್ಲ, ಮಾರಿ ಒಡೆಯನ ಬಾಕಿ ತೀರಿಸಲಿಕ್ಕೆ. ‘ಗೇಣಿ ಕಟ್ಟುವ ಮಹಾಶಯ’ ಎಂದೇ ಅದಕ್ಕೆ ಹೆಸರು.

ಉಳಿದ ಆಲೂಗಡ್ಡೆಯನ್ನಾದರೂ ಅವರು ಉಂಡ ಬಗೆ ನೋಡಿ. ಪೀಟ್ ಎಂಬ, ಜೌಗುನೆಲದಿಂದ ಅಗೆದು ಒಣಗಿಸಿದ ಉರುವಲಿನ ಬೆಂಕಿಯ ಮೇಲೆ ಮೂರು ಕಾಲಿನ ಕಬ್ಬಿಣದ ಪಾತ್ರೆಯಲ್ಲಿ ಸಿಪ್ಪೆಸಮೇತ ಬೇಯಿಸಿ, ವಿಲೋ ಕಡ್ಡಿಗಳ ಬುಟ್ಟಿಗೆ ಬಸಿದು, ಆ ಬುಟ್ಟಿಯನ್ನೇ ಪಾತ್ರೆಯ ಬಾಯಿಗಿಟ್ಟರೆ ಅದೇ ಊಟದ ಮೇಜು. ಸುತ್ತ ಕುಳಿತ ಮನೆಮಂದಿ, ಸುಲಿಯಲೆಂದೇ ಉದ್ದ ಬಿಟ್ಟ ಹೆಬ್ಬೆರಳಿನ ಉಗುರಿನಿಂದ ಸಿಪ್ಪೆ ತೆಗೆದು, ಉಪ್ಪಿಗದ್ದಿ, ಮೇಲೆ ಮಜ್ಜಿಗೆ ಕುಡಿಯುತ್ತಿದ್ದರು. ಬೇಗ ಹಸಿವಾಗದಿರಲೆಂದು ಗಡ್ಡೆಯ ನಡುಭಾಗವನ್ನು ಬೇಕೆಂದೇ ಅರೆಬೆಂದಂತೆ ಬಿಡುವ ರೂಢಿಯೂ ಇತ್ತು. ದುಡಿಯುವ ಗಂಡಸಿಗೆ ದಿನಕ್ಕೆ 5–6 ಕಿಲೊ ಬೇಕಾಗುತ್ತಿತ್ತು. (ನನಗಾದರೋ ಬರೀ ಆಲೂಗಡ್ಡೆ ಮೂರನೆಯ ತುತ್ತಿಗೇ ಗಂಟಲಲ್ಲಿ ನಿಲ್ಲುತ್ತದೆ, ಆ ಮಾತು ಬೇರೆ.) ತೂಗುಹಾಕಿದ ಹಂದಿಮಾಂಸದ ತುಂಡಿನತ್ತ ಆಲೂಗಡ್ಡೆಯನ್ನು ತೋರಿಸಿ, ಅದರ ರುಚಿ ಬಂತೆಂದುಕೊಂಡು ತಿನ್ನುವ ಹಾಸ್ಯವೂ ಅವರಲ್ಲೇ ಹುಟ್ಟಿತು. ರುಚಿ ಗೊತ್ತಿಲ್ಲದವರಿಗೆ ಇಂಥ ಹಾಸ್ಯ ಹೊಳೆಯುತ್ತದೆಯೇ? ಅಕ್ಟೋಬರ್ 31ರ ರಾತ್ರಿ ಅದೇ ಆಲೂಗಡ್ಡೆಯನ್ನು ಎಲೆಕೋಸಿನೊಂದಿಗೆ ಮಸೆದು, ಬೆಣ್ಣೆ ಹಾಕಿ, ಒಳಗೊಂದು ಉಂಗುರ ಅಡಗಿಸುತ್ತಿದ್ದರು; ಉಂಗುರ ಸಿಕ್ಕವರಿಗೆ ಬೇಗ ಮದುವೆಯೆಂಬ ನಂಬಿಕೆ.

ಬೆಣ್ಣೆ, ಹಂದಿ ಮಾರಿದ ಹಣ ಅವರಿಗೇ ತಾನೆ ಬರುತ್ತಿತ್ತು, ಅದರಲ್ಲಿ ಬೇಕಾದದ್ದನ್ನು ಕೊಳ್ಳಬಹುದಿತ್ತಲ್ಲ ಎಂದು ಒಬ್ಬರು ವಾದಿಸಿದ್ದಾರೆ. ಬಹಳ ಚೆನ್ನಾಗಿದೆ. ಗೇಣಿ ತಪ್ಪಿದರೆ ಮನೆಯಿಂದ ಹೊರಗಟ್ಟುವಾಗ ಒಡೆಯನ ಜನ ಈ ವಾದವನ್ನು ಕೇಳುತ್ತಿದ್ದರೇನೋ! 1845ರಲ್ಲಿ ಅಂಗಮಾರಿ ರೋಗ ಬಂದು ಆಲೂಗಡ್ಡೆ ನೆಲದಲ್ಲೇ ಕೊಳೆಯಿತು. ಮುಂದಿನ ವರ್ಷಗಳಲ್ಲಿ ಹಸಿವು, ಜ್ವರಗಳಿಂದ ಸುಮಾರು 10 ಲಕ್ಷ ಮಂದಿ ಸತ್ತರು. ಆಗಲೂ ಕಾರ್ಕ್ ಬಂದರಿನಿಂದ ಬೆಣ್ಣೆಯ ಪೀಪಾಯಿಗಳು ಹಡಗೇರುತ್ತಲೇ ಇದ್ದವು. ರುಚಿ ಗೊತ್ತಿಲ್ಲದವರು ಕಡೆದ ಬೆಣ್ಣೆಗೆ ಅಷ್ಟೊಂದು ಗಿರಾಕಿಗಳು ಎಲ್ಲಿಂದ ಬಂದರೋ, ಆ ನಿರೂಪಕರನ್ನೇ ಕೇಳಬೇಕು.