ಅರ್ಧ ಕರೆಂಟ್ ಸೋಲಾರ್‌ದು ಅನ್ನೋ ಮೆಸೇಜ್ ಪೂರ್ತಿ ಸರಿಯಲ್ಲ
‘ಭಾರತದ ಅರ್ಧ ಕರೆಂಟ್ ಈಗ ಸೋಲಾರ್‌ನಿಂದಲೇ, 2030ಕ್ಕೆ ಕಲ್ಲಿದ್ದಲು ಬಂದ್’ ಅನ್ನೋ ಮೆಸೇಜ್ ನಮ್ಮ ಕೊಡಗಿನ ಗ್ರೂಪ್‌ಗಳಲ್ಲಿ ಓಡಾಡ್ತಿದೆ. ದಯವಿಟ್ಟು ಹಾಗೇ ಫಾರ್ವರ್ಡ್ ಮಾಡಬೇಡಿ.

2025ರ ಜೂನ್‌ನಲ್ಲಿ ಶೇ 50 ದಾಟಿದ್ದು ಸ್ಥಾಪಿತ ಸಾಮರ್ಥ್ಯದಲ್ಲಿ, ಅಂದ್ರೆ ಘಟಕಗಳೆಲ್ಲಾ ಪೂರ್ತಿ ಓಡಿದರೆ ಕೊಡಬಲ್ಲ ಕರೆಂಟ್‌ನಲ್ಲಿ, ಕಲ್ಲಿದ್ದಲು, ತೈಲ, ಗ್ಯಾಸ್ ಬಿಟ್ಟು ಉಳಿದವುಗಳ ಪಾಲು. ಅದೂ ಬರೀ ಸೋಲಾರ್ ಅಲ್ಲ, ಗಾಳಿ, ಶರಾವತಿಯಂಥ ಜಲವಿದ್ಯುತ್, ಕೈಗಾದಂಥ ಅಣುವಿದ್ಯುತ್ ಎಲ್ಲಾ ಸೇರಿ. 2030ಕ್ಕೆ ಇಟ್ಟಿದ್ದ ಈ ಶೇ 50ರ ಗುರಿಯನ್ನು ಐದು ವರ್ಷ ಮೊದಲೇ ಮುಟ್ಟಿದ್ದೇವೆ, ಅದು ನಿಜಕ್ಕೂ ದೊಡ್ಡ ಸಾಧನೆ.

ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ನಮ್ಮ ಮನೆ ಮಾಡಿನ ಮೇಲೆ 3 ಕಿಲೋವ್ಯಾಟ್ ಪ್ಯಾನೆಲ್ ಇದೆ. ಮಾರ್ಚ್‌ನಲ್ಲಿ, ಕಣದಲ್ಲಿ ಕಾಫಿ ಒಣಗೋ ಬಿಸಿಲಿಗೆ, ದಿನಕ್ಕೆ 12 ಯೂನಿಟ್ ಬರುತ್ತೆ. ಕಕ್ಕಡದ ಮಳೆಯಲ್ಲಿ ಮೋಡ ಕವಿದು ಕೂತರೆ ಎರಡು ಯೂನಿಟ್ ಬಂದ್ರೆ ಜಾಸ್ತಿ, ರಾತ್ರಿಯಂತೂ ಸೊನ್ನೆ, ಆದರೂ ಕಾಗದದಲ್ಲಿ ಅದು 3 ಕಿಲೋವ್ಯಾಟೇ ಅಲ್ವಾ? ದೇಶದ ಲೆಕ್ಕವೂ ಹೀಗೇ. ಇವತ್ತಿಗೂ ನಾವು ಬಳಸೋ ಕರೆಂಟ್‌ನಲ್ಲಿ ಸುಮಾರು ಶೇ 70 ಕಲ್ಲಿದ್ದಲಿನದು.

ಕಲ್ಲಿದ್ದಲು 2030ಕ್ಕೆ ಬಂದ್ ಅಂತ ಸರ್ಕಾರ ಎಲ್ಲೂ ಹೇಳಿಲ್ಲ. 2021ರಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ಹೇಳಿದ್ದು, 2030ಕ್ಕೆ 500 ಗಿಗಾವ್ಯಾಟ್ ಪಳೆಯುಳಿಕೆಯೇತರ (ಕಲ್ಲಿದ್ದಲು, ತೈಲ, ಗ್ಯಾಸ್ ಅಲ್ಲದ) ಸಾಮರ್ಥ್ಯ, 2070ಕ್ಕೆ ನೆಟ್ ಝೀರೋ, ಅಂದ್ರೆ ಗಾಳಿಗೆ ಬಿಡೋ ಹಸಿರುಮನೆ ಅನಿಲದಷ್ಟನ್ನೇ ವಾಪಸ್ ಹೀರಿಕೊಳ್ಳೋ ಸ್ಥಿತಿ.

ಪ್ಯಾನೆಲ್ ಹಾಕಿಸೋರು ಖಂಡಿತ ಹಾಕಿಸಿ, 3 ಕಿಲೋವ್ಯಾಟ್‌ಗೆ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿ ಸಬ್ಸಿಡಿ ಇದೆ. ಮಳೆಗಾಲದ ಲೆಕ್ಕ ಮಾತ್ರ ಮೊದಲೇ ಹಾಕಿಕೊಳ್ಳಿ.