ಗಾಡಿ ಲೇಟಾಗಬಹುದು, ಕೆಮ್ಮು ಲೇಟಾಗಬಾರದು

ಮೊನ್ನೆ ಸಾಗರಕ್ಕೆ ಹೋಗಬೇಕಿತ್ತು. ತಾಳಗುಪ್ಪ ಲೈನಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ ಕೊಡೆ ಮಡಚಿಕೊಂಡು ಕೂತಿದ್ದೆ. ಜಿಟಿಜಿಟಿ ಮಳೆ. ಮೈಕಿನಲ್ಲಿ ಎಂದಿನ ಹೆಂಗಸಿನ ದನಿ ಬಂತು. ಗಾಡಿ ನಲವತ್ತು ನಿಮಿಷ ತಡವಾಗಿ ಬರುತ್ತಿದೆಯಂತೆ, ನಮಗಾಗುವ ಅಡಚಣೆಗೆ ವಿಷಾದಿಸುತ್ತಾರಂತೆ. ಯಾರೂ ತಲೆ ಎತ್ತಲಿಲ್ಲ. ಪಕ್ಕದಲ್ಲಿ ಸೇವಂತಿಗೆ ಕಟ್ಟುತ್ತಿದ್ದ ಹೆಂಗಸು ಮಾತ್ರ "ಹಾಗಾದ್ರೆ ಇನ್ನೆರಡು ಮೊಳ ಆಗುತ್ತೆ" ಅಂತ ದಾರ ಎಳೆದುಕೊಂಡಳು.

ನನ್ನ ಜೊತೆ ಬೆಂಚಿನ ಮೇಲಿದ್ದವರು ಶಿವಮೊಗ್ಗದಲ್ಲಿ ನಮ್ಮ ಬೀದಿಯ ಅಜ್ಜ. ಹಿಂದೆ ಲೋಕೋ ಶೆಡ್ಡಿನಲ್ಲಿ ಖಲಾಸಿ ಆಗಿದ್ದವರು. ಯಾವ ಶೆಡ್ಡು ಅಂತ ಕೇಳಬೇಡಿ. ನನ್ನ ಬರಹಕ್ಕಿಂತ ಅವರ ಪೆನ್ಶನ್ ಮುಖ್ಯ.

"ನಲವತ್ತು ನಿಮಿಷ ಎಲ್ಲ ಒಂದು ಲೇಟಾ ಮಾರಾಯ?" ಅಂದರು ಅಜ್ಜ. ಅಷ್ಟು ಹೇಳೋಕೆ ನಡುವೆ ಎರಡು ಸಲ ಉಸಿರು ತಗೊಂಡರು. "ನಂದು ಹನ್ನೊಂದು ವರ್ಷ ಲೇಟು."

ಅವರ ಕೆಲಸ ಸ್ಟೀಮ್ ಇಂಜಿನ್ನಿನ ಬಾಯ್ಲರಿಗೆ ಸುತ್ತಿದ ಹೊದಿಕೆ ಬಿಚ್ಚುವುದು, ರಿಪೇರಿ ಮುಗಿದ ಮೇಲೆ ಮತ್ತೆ ಸುತ್ತುವುದು. ಶಾಖ ಹೊರಗೆ ಹೋಗದಿರಲಿ ಅಂತ ಸುತ್ತುತ್ತಿದ್ದದ್ದು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ನಮ್ಮ ಕೊಟ್ಟಿಗೆಯ ಸಿಮೆಂಟ್ ಶೀಟುಗಳಲ್ಲಿ ಸುಮಾರು ಕಡೆ ಇರುವುದೂ ಅದೇ. ಬಿಚ್ಚುವಾಗ ಬೂರುಗದ ಹತ್ತಿ ಹಾರಿದ ಹಾಗೆ ಹಾರುತ್ತಿತ್ತಂತೆ. ಮಾಸ್ಕು? ಹೆಗಲ ಮೇಲಿನ ಟವೆಲ್ಲು. ಮಳೆಗಾಲದಲ್ಲಿ ಅದರ ಚಾಪೆಯ ಮೇಲೆ ಊಟವಾದ ಮೇಲೆ ಮಲಗುತ್ತಿದ್ದರಂತೆ. "ಕಂಬಳಿಗಿಂತ ಬೆಚ್ಚಗಿರ್ತಿತ್ತು" ಅಂತ ಈಗಲೂ ಮೆಚ್ಚಿಕೊಂಡೇ ಹೇಳುತ್ತಾರೆ.

ಅಜ್ಜ 2003ರಲ್ಲಿ ರಿಟೈರ್ ಆದರು. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ದಮ್ಮು ಶುರುವಾಗಿದ್ದು 2016ರಲ್ಲಿ. ಮೊದಲು ಮಳೆಗಾಲದ ಕೆಮ್ಮು ಅಂದರು. ಆಮೇಲೆ ಕಾಳುಮೆಣಸಿನ ಕಷಾಯ. ಆಮೇಲೆ ಎಕ್ಸರೇ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, "ಏನ್ ಕೆಲಸ ಮಾಡ್ತಿದ್ರಿ?" ಅಂತ ಕೇಳಿದಾಗಲೇ ಮನೆಯವರಿಗೆ ವಿಷಯ ಗೊತ್ತಾಗಿದ್ದು.

ಇಷ್ಟು ಕೇಳಿದ ಮೇಲೆ ನೀವು, ಪರಿಹಾರ ಸಿಗುತ್ತೆ ಅಲ್ವಾ, ಕಾನೂನು ಇದೆಯಲ್ಲ ಅನ್ನುತ್ತೀರಿ. ಇದೆ. ಅದು 1923ರದ್ದು. 2020ರಲ್ಲಿ ಅದನ್ನೂ ಇನ್ನಷ್ಟು ಹಳೆಯ ಕಾಯ್ದೆಗಳನ್ನೂ ಸೇರಿಸಿ ಒಂದೇ ಸಂಹಿತೆ ಮಾಡಿ ಪಾಸು ಮಾಡಿದರು, ಜಾರಿಗೆ ಬಂದದ್ದು 2025ರ ನವೆಂಬರಿನಲ್ಲಿ. ಆದರೆ ಅಜ್ಜನ ಶ್ವಾಸಕೋಶ ಹಳೆಯ ಕಾಯ್ದೆಯ ಕಾಲದ್ದು. ಆ ಕಾಯ್ದೆಯ ಮೂರನೇ ಶೆಡ್ಯೂಲಿನಲ್ಲಿ ಕೆಲಸದಿಂದ ಬರುವ ಕಾಯಿಲೆಗಳ ಪಟ್ಟಿ ಇತ್ತು. ಕಲ್ಲಿನ ದೂಳಿಂದ ಬರುವ ಸಿಲಿಕೋಸಿಸ್, ಕಲ್ನಾರಿನಿಂದ ಬರುವ ಆಸ್ಬೆಸ್ಟೋಸಿಸ್, ಎಲ್ಲ ಹೆಸರು ಹಿಡಿದು ಬರೆದಿದ್ದರು. ರೇಷನ್ ಕಾರ್ಡಿನಲ್ಲಿ ಹೆಸರು ಇದ್ದ ಹಾಗೆ. ಆದರೆ ಹೆಸರಿದ್ದ ಮಾತ್ರಕ್ಕೆ ಅಕ್ಕಿ ಸಿಗುವುದಿಲ್ಲ ಅನ್ನುವುದು ನಿಮಗೂ ಗೊತ್ತು.

ಯಾಕೆಂದರೆ ಅದೇ ಕಾಯ್ದೆಯಲ್ಲಿ ಹತ್ತನೇ ಕಲಂ ಅಂತ ಒಂದಿತ್ತು. ಕೆಲಸ ಬಿಟ್ಟ ಮೇಲೆ ಕಾಯಿಲೆ ಬಂದರೂ ಲೆಕ್ಕಕ್ಕುಂಟು ಅನ್ನುತ್ತಿತ್ತು ಆ ಕಲಂ. ದೊಡ್ಡ ಮನಸ್ಸು. ಆದರೆ ಕಾಯಿಲೆಯ ಲಕ್ಷಣ ಕೆಲಸ ಬಿಟ್ಟ ಎರಡು ವರ್ಷದೊಳಗೆ ಕಾಣಿಸಿಕೊಳ್ಳಬೇಕಿತ್ತು. ಕಲ್ನಾರಿನ ಕಾಯಿಲೆಯೋ, ಹತ್ತು ವರ್ಷದಿಂದ ನಲವತ್ತು ವರ್ಷದವರೆಗೂ ಒಳಗೇ ಕೂತಿದ್ದು ಆಮೇಲೆ ಬಾಗಿಲು ತಟ್ಟುವಂಥದ್ದು. ತಟ್ಟುವ ಹೊತ್ತಿಗೆ ಕಚೇರಿ ಮುಚ್ಚಿರುತ್ತದೆ. ಅಜ್ಜನ ಗಡುವು 2005ಕ್ಕೇ ಮುಗಿದಿತ್ತು, ಹನ್ನೊಂದು ವರ್ಷ ಲೇಟು ಅಂದದ್ದು ಅದಕ್ಕೇ.

ಈ ಕಲಂ ಬರೆದವರು ಮಲೆನಾಡಿನವರಂತೂ ಅಲ್ಲ. ನಮ್ಮಲ್ಲಿ ಅಡಿಕೆ ಸಸಿ ನೆಟ್ಟು ಐದಾರು ವರ್ಷ ಕಾಯುತ್ತೇವೆ. ಎರಡು ವರ್ಷಕ್ಕೆ ಹಿಂಗಾರ ಒಡೆಯಲಿಲ್ಲ, ಆದ್ದರಿಂದ ಸಸಿ ನೆಟ್ಟೇ ಇಲ್ಲ ಅಂತ ಯಾವ ಶ್ಯಾನುಭೋಗನೂ ಷರಾ ಬರೆದಿಲ್ಲ. ಟೈಮಿನ ವಿಷಯದಲ್ಲಿ ಅಡಿಕೆಯ ಕೊಳೆರೋಗವೇ ವಾಸಿ. ಮಳೆ ಹಿಡಿದ ಕೂಡಲೇ ಹಾಜರ್.

ತಮಾಷೆ ಅಂದರೆ, ಈ ಕಾಯಿಲೆ ತಡವಾಗಿ ಬರುತ್ತದೆ ಅನ್ನುವುದು ದೇಶಕ್ಕೆ ಗೊತ್ತಿಲ್ಲದ್ದೇನಲ್ಲ. 1995ರಲ್ಲಿ ಸುಪ್ರೀಂ ಕೋರ್ಟು ಕಲ್ನಾರು ಕಾರ್ಖಾನೆಗಳ ಕಾರ್ಮಿಕರ ಕೇಸಿನಲ್ಲಿ ಒಂದು ಮಾತು ಹೇಳಿತು. ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಷ್ಟು ಕಾಲ ಇಡಬೇಕು ಅಂತ. ಅಂದರೆ ಕಾಗದ ನಲವತ್ತು ವರ್ಷ ಕಾಯಬೇಕು, ಕಾಯಿಲೆ ಎರಡೇ ವರ್ಷದಲ್ಲಿ ಬಂದುಬಿಡಬೇಕು.

ಅಜ್ಜ ಸುಮ್ನೆ ಕೂರಲಿಲ್ಲ. ಮೊಮ್ಮಗನ ಕೈಲಿ ಅರ್ಜಿ ಬರೆಸಿಕೊಂಡು ಒಂದು ಕಚೇರಿಗೆ ಹೋದರು. ಜೊತೆಗೆ ನಾನೂ ಹೋಗಿದ್ದೆ. ಗುಮಾಸ್ತರು ಒಳ್ಳೆಯವರೇ, ಕುರ್ಚಿ ಕೊಟ್ಟರು. ತೊಂದರೆ ಇದ್ದದ್ದು ಫಾರಂ ಕಡೆಯಿಂದ. 'ಅಪಘಾತ ನಡೆದ ದಿನಾಂಕ' ಅಂತ ಒಂದು ಕಾಲಂ.

"ಅಪಘಾತ ಅಲ್ಲ ಸ್ವಾಮಿ, ಕಾಯಿಲೆ" ಅಂದರು ಅಜ್ಜ.

"ಕಾನೂನಿನ ಪ್ರಕಾರ ಕಾಯಿಲೆಯೂ ಅಪಘಾತವೇ. ದಿನಾಂಕ ಹೇಳಿ."

"ಮೂವತ್ತು ವರ್ಷ ದಿನಾ ಆಯ್ತಲ್ಲ."

"ಅಷ್ಟು ದಿನಾಂಕ ಬರೆಯೋಕೆ ಜಾಗ ಇಲ್ಲ ಯಜಮಾನ್ರೆ."

ಮುಂದಿನ ಕಾಲಂ, ಸ್ಥಳ. ಅಜ್ಜ ಎದೆ ಮುಟ್ಟಿ ತೋರಿಸಿದರು. ಅದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಅನ್ನುವ ಹಾಗೆ ಗುಮಾಸ್ತರು ಕನ್ನಡಕ ಸರಿಮಾಡಿಕೊಂಡರು. ಸಾಕ್ಷಿಗಳು? ಜೊತೆಯಲ್ಲಿದ್ದ ಮೂವರಲ್ಲಿ ಇಬ್ಬರು ಇಲ್ಲ. ಮೂರನೆಯವರಿಗೆ ಮರೆವು. ಬೀಡಿ ಸೇದ್ತಿದ್ರಾ? ಈ ಪ್ರಶ್ನೆಗೆ ಮಾತ್ರ ಗುಮಾಸ್ತರ ಮುಖದಲ್ಲಿ ಉತ್ಸಾಹ ಕಂಡಿತು. ಅಜ್ಜ ಜೀವಮಾನದಲ್ಲಿ ಸೇದಿದವರಲ್ಲ, ಎಲೆ ಅಡಿಕೆ ಅಷ್ಟೇ. ಗುಮಾಸ್ತರಿಗೆ ಬೇಜಾರಾಯಿತು.

ತಕ್ಕ ಕಾರಣ ಇದ್ದರೆ ತಡವನ್ನು ಮನ್ನಿಸಬಹುದು ಅಂತಲೂ ಅದೇ ಕಲಂ ಹೇಳುತ್ತಿತ್ತು. ಸರಿ, ಕಾರಣ ಏನಂತ ಬರೆಯುವುದು? 'ಕಾಯಿಲೆ ತಡವಾಗಿ ಬಂದಿದ್ದರಿಂದ ತಡವಾಗಿದೆ' ಅಂತ ಬರೆದೆವು. ಫೈಲು ಒಳಗೆ ಹೋಯಿತು. ಈಗ ಅದಕ್ಕೂ ದೂಳು ಹಿಡಿದಿರಬೇಕು.

ಅಮೆರಿಕದಲ್ಲೂ ಇಂಥದ್ದೇ ಒಂದು ಕಥೆ ನಡೆದಿದೆ. ಅಲ್ಲಿ ರೈಲು ಕೆಲಸಗಾರರಿಗೆ ಅಂತಲೇ 1908ರ ಒಂದು ಕಾನೂನು ಇದೆ. ಟಾಮ್ ಯೂರಿ ಅನ್ನುವವರು ಸುಮಾರು ಮೂವತ್ತು ವರ್ಷ ಸ್ಟೀಮ್ ಇಂಜಿನ್ನಿನಲ್ಲಿ ಫೈರ್‌ಮನ್ ಆಗಿದ್ದರು. ಚಕ್ರ ಜಾರದಿರಲಿ ಅಂತ ಇಂಜಿನ್ನು ಹಳಿಯ ಮೇಲೆ ಮರಳು ಉದುರಿಸುತ್ತದಲ್ಲ, ಆ ಮರಳಿನ ದೂಳು ಕುಡಿದು ಸಿಲಿಕೋಸಿಸ್ ಬಂತು. ನಮ್ಮ ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯ ಏರಿನಲ್ಲೂ ಮಳೆಗಾಲದಲ್ಲಿ ಮರಳು ಬೇಕೇ ಬೇಕು. ಐವತ್ತು ಅಡಿಗೆ ಒಂದಡಿ ಏರು, 57 ಸುರಂಗ. ಡೀಸೆಲ್ ಇಂಜಿನ್ನು ಸುರಂಗ ದಾಟಿ ಹೋದರೂ ಹೊಗೆ ಒಳಗೇ ಸುತ್ತುತ್ತಿತ್ತು, ಹಳಿ ನೋಡಿಕೊಳ್ಳುವ ಕೀಮನ್ ಅದರಲ್ಲೇ ನಡೆಯಬೇಕಿತ್ತು. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲಿ ಖಚಿತವಾಗಿ ಹೇಳಿತು. ಸುರಂಗಕ್ಕೆ ಆ ಸುದ್ದಿ ಮುಟ್ಟಿತೋ ಇಲ್ಲವೋ.

ಯೂರಿ ಕಥೆಗೆ ಬರೋಣ. ಅವರು ಕೋರ್ಟಿಗೆ ಹೋದಾಗ ರೈಲು ಕಂಪನಿಯ ಕಡೆಯವರು ಹೂಡಿದ ವಾದ ನಮ್ಮ ಹತ್ತನೇ ಕಲಮ್ಮಿನ ಸೋದರತ್ತೆ ಮಗಳು. ನೀನು ದೂಳು ಕುಡಿಯೋಕೆ ಶುರು ಮಾಡಿದ್ದು 1910ರಲ್ಲಿ, ಕಾಯಿಲೆ ನಿನಗೆ ಗೊತ್ತಿಲ್ಲದೆ ಯಾವಾಗಲೋ ಬಂದಿರಬೇಕು, ಆದ್ದರಿಂದ ನಿನ್ನ ಅವಧಿ ಮುಗಿದಿದೆ ಅಂತ. ಇಲ್ಲಿ ಕಾಯಿಲೆ ತಡವಾಗಿ ಬಂತು ಅಂತ ತಕರಾರು, ಅಲ್ಲಿ ಬೇಗ ಬಂತು ಅಂತ. 1949ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಈ ವಾದ ಒಪ್ಪಲಿಲ್ಲ. ತಿಳಿಯದೆ ಇದ್ದದ್ದು ಅವನ ತಪ್ಪಲ್ಲ ಅಂದಿತು. ಈಗ ಅಲ್ಲಿ ಮೂರು ವರ್ಷದ ಗಡುವು, ಆದರೆ ಗಡಿಯಾರ ಶುರುವಾಗುವುದು ಕಾಯಿಲೆಯೂ ಅದರ ಕಾರಣವೂ ಗೊತ್ತಾದ ಮೇಲೆ, ಅಥವಾ ಗೊತ್ತಾಗಬೇಕಿದ್ದ ಮೇಲೆ. ಆ 'ಗೊತ್ತಾಗಬೇಕಿದ್ದ' ಅನ್ನುವುದರಲ್ಲಿ ವಕೀಲರ ಮಕ್ಕಳ ಓದು ಮುಗಿಯುತ್ತದೆ, ಅದು ಬೇರೆ ವಿಷಯ. ಕಂಪನಿಯ ತಪ್ಪು ಇತ್ತು ಅಂತ ಸ್ವಲ್ಪವಾದರೂ ತೋರಿಸಬೇಕು ಅನ್ನುವುದೂ ಇದೆ. ಸ್ವರ್ಗವೇನಲ್ಲ.

ನಮ್ಮಲ್ಲಿ ಗಡಿಯಾರ ಬದಲಾಯಿಸುವುದು ಕಷ್ಟ ಅಂತಾದರೆ ಕಾಯಿಲೆಯನ್ನೇ ಬದಲಾಯಿಸಬಹುದು. ರಿಟೈರ್ ಆಗುವ ದಿನ ಶಾಲಿನ ಜೊತೆ ಕಾಯಿಲೆಗೂ ಒಂದು ನೋಟೀಸು ಕೊಡಲಿ. ಕರಡು ನಾನೇ ಬರೆದುಕೊಡುತ್ತೇನೆ:

"ಶ್ರೀಯುತರ ಶ್ವಾಸಕೋಶದಲ್ಲಿ ವಾಸವಾಗಿರುವ ಕಲ್ನಾರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ತಾವು ಇಂದಿನಿಂದ ಎರಡು ವರ್ಷದೊಳಗೆ, ಕಚೇರಿ ವೇಳೆಯಲ್ಲಿ, ಎಕ್ಸರೇಯಲ್ಲಿ ಕಾಣುವಂತೆ ಖುದ್ದಾಗಿ ಹಾಜರಾಗತಕ್ಕದ್ದು. ತಪ್ಪಿದಲ್ಲಿ ತಾವು ಮಳೆಗಾಲದ ಕೆಮ್ಮು ಎಂದು ಪರಿಗಣಿಸಲಾಗುವುದು. ಎರಡನೇ ಶನಿವಾರ ಬರತಕ್ಕದ್ದಲ್ಲ."

ಓದಿ ಹೇಳಿದೆ. ಅಜ್ಜ ನಕ್ಕರು. ನಕ್ಕಿದ್ದಕ್ಕೆ ಐದು ನಿಮಿಷ ಕೆಮ್ಮಬೇಕಾಯಿತು. ಹೂವಿನ ಹೆಂಗಸು ನೀರಿನ ಬಾಟಲಿ ಕೊಟ್ಟಳು. "ಪ್ರತಿ ನವೆಂಬರಿನಲ್ಲಿ ಪೆನ್ಶನ್‌ಗೆ ನಾನು ಬದುಕಿದೀನಿ ಅಂತ ಸರ್ಟಿಫಿಕೇಟು ಕೊಡ್ತೀನಿ" ಅಂದರು ಸುಧಾರಿಸಿಕೊಂಡು. "ಅದಕ್ಕೆ ಒಂದು ದಿನ ತಡ ಮಾಡಿಲ್ಲ, ನೋಡು."

ಗಾಡಿ ಬಂದಾಗ ಒಂದು ಗಂಟೆ ಐದು ನಿಮಿಷ ತಡವಾಗಿತ್ತು. ಮೈಕಿನಲ್ಲಿ ಮತ್ತೆ ಅದೇ ದನಿ, ಅದೇ ವಿಷಾದ. ಅಜ್ಜ ಬಾಗಿಲಿನ ಕಂಬಿ ಹಿಡಿದು ಮೊದಲ ಮೆಟ್ಟಿಲಲ್ಲಿ ನಿಂತರು. ಎರಡನೆಯದಕ್ಕೆ ಉಸಿರು ಸಾಲಲಿಲ್ಲ. ಹಿಂದಿನಿಂದ ಜನ ಒತ್ತುತ್ತಿದ್ದರು. ಅವರು ಮೈಕಿನ ಕಡೆ ಗದ್ದ ಎತ್ತಿ ನನಗೆ ಹೇಳಿದರು:

"ವಿಷಾದ ಅಂತೆ, ಕೇಳಿದ್ಯಾ? ಅದನ್ನ ಒಂದು ಹಾಳೆ ಮೇಲೆ ಬರೆದು ಸೀಲ್ ಹಾಕಿ ಕೊಡ್ತಾರಾ ಕೇಳು. ಫೈಲಿಗೆ ಸೇರಿಸ್ತೀನಿ."